ಹಿಮದಂಗಳದಲ್ಲಿ ಜೋಳವಾಳಿ

(ಬಾನುಲಿ ಭಾಷಣ)

ಪಂಪಭಾರತವನ್ನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷವೂ ತರಗತಿಯಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅದು ದ್ರೋಹವಾಗುತ್ತಿತ್ತೆ? ಆಗ ನಾನು ಜೋಳವಾಳಿ ಎಂಬ ಮಾತನ್ನು ಬಿಡಿಸಿ ಹೇಳುತ್ತಿದ್ದೆ. ಒಡೆಯನಿತ್ತ ಅನ್ನಕ್ಕೆ ಪ್ರತಿಯಾಗಿ ಆಳಾದವನು ಪ್ರಾಣವನ್ನೇ ಒಪ್ಪಿಸುವ ಕಟ್ಟಳೆ ಅದು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಒಡೆಯನೇ ಆಳನ್ನು ಎದುರಾಳಿಗೆ ಮಾರಿಬಿಟ್ಟರೆ ಅವನು ಯಾರಿಗೆ ನಿಷ್ಠನಾಗಿರಬೇಕು?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಪದ್ಯಕ್ಕೆ ಹೋದೆ. ಆ ಪ್ರಶ್ನೆ ನಗುವಂಥದಾಗಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹುಕಾಲದ ಮೇಲೆ, ಕೆನಡಾ ದೇಶದ ಹಾಕಿ ಆಟಗಾರರ ಚರಿತ್ರೆಯನ್ನು ಓದಿದಾಗ.

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಧ್ಯಾನ್‌ಚಂದ್, ಕೊಡಗಿನ ಮೈದಾನಗಳು, ಹಸುರು ಹುಲ್ಲು. ಕೆನಡಾದ ಹಾಕಿ ಬೇರೆಯದು. ಅದನ್ನು ಆಡುವುದು ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರಿನ ಮೇಲೆ, ಕಾಲಿಗೆ ಉಕ್ಕಿನ ಅಲಗು ಕೂಡಿಸಿದ ಪಾದರಕ್ಷೆ ಕಟ್ಟಿಕೊಂಡು. ಚೆಂಡಿನ ಬದಲಿಗೆ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅಂಗಳದಲ್ಲಿ ಒಂದೊಂದು ಪಕ್ಷಕ್ಕೆ ಗೋಲ್‌ಕೀಪರನೂ ಸೇರಿ ಆರು ಮಂದಿ. ವರ್ಷದಲ್ಲಿ ಅರ್ಧ ಕಾಲ ಹಿಮ ಮುಚ್ಚಿರುವ ನಾಡಿನಲ್ಲಿ ಈ ಆಟ ಹುಟ್ಟಿ ಬೆಳೆದದ್ದು ಸಹಜ. 1917ರಲ್ಲಿ ರಾಷ್ಟ್ರೀಯ ಹಾಕಿ ಲೀಗ್ ಸ್ಥಾಪನೆಯಾಗಿ ಆಟವೊಂದು ವೃತ್ತಿಯಾಗಿ ನೆಲೆನಿಂತಿತು. 1942ರಿಂದ 1967ರವರೆಗೆ ಆ ಲೀಗಿನಲ್ಲಿ ಇದ್ದದ್ದು ಆರೇ ತಂಡಗಳು. ಅವುಗಳಲ್ಲಿ ಕೆನಡಾದವು ಎರಡು. ಒಂದು ಮಾಂಟ್ರಿಯಲ್ ನಗರದ ಕನಾಡಿಯೆನ್ಸ್, ಇನ್ನೊಂದು ಟೊರಾಂಟೊದ ಮೇಪಲ್ ಲೀಫ್ಸ್. ಉಳಿದ ನಾಲ್ಕೂ ಅಮೆರಿಕದ ಸಂಯುಕ್ತ ಸಂಸ್ಥಾನದವು.

ಈ ಎರಡು ನಗರಗಳ ನಡುವಣ ಸ್ಪರ್ಧೆ ಆಟದ ಸ್ಪರ್ಧೆ ಮಾತ್ರವಾಗಿರಲಿಲ್ಲ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತದಲ್ಲಿ ಬಹುಸಂಖ್ಯಾತರು ಫ್ರೆಂಚ್ ಭಾಷಿಕರು; ಆದರೆ ದೊಡ್ಡ ವ್ಯಾಪಾರ, ದೊಡ್ಡ ಹುದ್ದೆಗಳು ಇಂಗ್ಲಿಷರ ಕೈಯಲ್ಲಿದ್ದವು. ಟೊರಾಂಟೊ ಇಂಗ್ಲಿಷ್ ಕೆನಡಾದ ಮುಖ್ಯ ಪಟ್ಟಣ. ಭಾಷೆಯ ಅಭಿಮಾನಕ್ಕೆ ಪೆಟ್ಟು ಬಿದ್ದವರ ಮನಸ್ಸು ಹೇಗಿರುತ್ತದೆಂದು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಕ್ವಿಬೆಕ್‌ನ ಜನ ತಮ್ಮ ಮಾನವನ್ನೆಲ್ಲ ಮೋರಿಸ್ ರಿಶಾರ್ ಎಂಬ ಒಬ್ಬ ಆಟಗಾರನ ಬೆನ್ನಿನ ಮೇಲಿದ್ದ ಒಂಬತ್ತರ ಅಂಕಿಯಲ್ಲಿ ಇಟ್ಟಿದ್ದರು. 1955ರ ಮಾರ್ಚಿಯಲ್ಲಿ, ಬಾಸ್ಟನ್ನಿನಲ್ಲಿ ನಡೆದ ಹೊಡೆದಾಟಕ್ಕಾಗಿ, ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ರಿಶಾರ್‌ನನ್ನು ಆ ಋತುವಿನ ಉಳಿದೆಲ್ಲ ಪಂದ್ಯಗಳಿಂದ ಹೊರಗಿಟ್ಟಾಗ ಮಾಂಟ್ರಿಯಲ್ ಸಿಡಿದೆದ್ದಿತು. ಮಾರ್ಚಿ 17ರ ರಾತ್ರಿ ಆಟದ ಮಂದಿರದಲ್ಲಿ ಅಶ್ರುವಾಯು ಹರಡಿತು, ಬೀದಿಗಳಲ್ಲಿ ಗಾಜು ಪುಡಿಯಾಯಿತು. ಮರುದಿನ ರಿಶಾರ್ ತಾನೇ ಬಾನುಲಿಯಲ್ಲಿ ಮಾತನಾಡಿ, ಜನ ಶಾಂತರಾಗಬೇಕೆಂದು ಬೇಡಿಕೊಳ್ಳಬೇಕಾಯಿತು. ಇಂಥ ನೆಲದಲ್ಲಿ ಒಬ್ಬ ಆಟಗಾರ ಮಾಂಟ್ರಿಯಲ್ಲಿನ ಕೆಂಪು ಅಂಗಿ ಕಳಚಿ ಟೊರಾಂಟೊದ ನೀಲಿ ಅಂಗಿ ತೊಡುವುದೆಂದರೆ, ಅಥವಾ ನೀಲಿ ಬಿಟ್ಟು ಕೆಂಪು ತೊಡುವುದೆಂದರೆ, ನೋಡುವವರ ಪಾಲಿಗೆ ಅದು ಪಕ್ಷಾಂತರ.

ಹಾಗೆ ಎರಡೂ ಅಂಗಿ ತೊಟ್ಟವರು ಇದ್ದರು, ಅದೂ ಸಾಮಾನ್ಯರಲ್ಲ. ನಾಲ್ವರ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯವನು ಬರ್ಟ್ ಓಮ್‌ಸ್ಟೆಡ್. ಸಸ್ಕಾಚವಾನ್ ಪ್ರಾಂತದ ಗೋದಿಯ ಬಯಲಿನಿಂದ ಬಂದ ಒರಟು ಮನುಷ್ಯ. ಮಾಂಟ್ರಿಯಲ್ ಪರವಾಗಿ ಎಂಟು ವರ್ಷ ಮೂಲೆಮೂಲೆಗೆ ನುಗ್ಗಿ ಪಕ್ಕನ್ನು ಕಿತ್ತು ತಂದು ಇತರರಿಗೆ ಒದಗಿಸಿ, ನಾಲ್ಕು ಬಾರಿ ಸ್ಟ್ಯಾನ್ಲಿ ಕಪ್ ಗೆಲ್ಲುವುದರಲ್ಲಿ ಪಾಲುಗೊಂಡವನು. 1958ರಲ್ಲಿ ಮಾಂಟ್ರಿಯಲ್ ತನ್ನ ರಕ್ಷಿತ ಆಟಗಾರರ ಪಟ್ಟಿಯಿಂದ ಅವನನ್ನು ಬಿಟ್ಟಿತು, ಟೊರಾಂಟೊ ಎತ್ತಿಕೊಂಡಿತು. 1959 ಮತ್ತು 1960ರ ಅಂತಿಮ ಸುತ್ತಿನಲ್ಲಿ ಅವನು ತನ್ನ ಹಳೆಯ ಗೆಳೆಯರ ಎದುರಿಗೇ ನಿಂತು ಸೋತ. 1962ರಲ್ಲಿ ಟೊರಾಂಟೊ ಹನ್ನೊಂದು ವರ್ಷಗಳ ತರುವಾಯ ಕಪ್ ಗೆದ್ದಾಗ ಆ ತಂಡದಲ್ಲಿ ಅವನಿದ್ದ. ಗೆದ್ದ ಬೆನ್ನಿಗೇ ಟೊರಾಂಟೊ ಕೂಡ ಅವನನ್ನು ಪಟ್ಟಿಯಿಂದ ಬಿಟ್ಟಿತು, ನ್ಯೂಯಾರ್ಕ್ ಕರೆಯಿತು. ಅವನು ಹೋಗಲಿಲ್ಲ, ಆಟವನ್ನೇ ಬಿಟ್ಟ.

1962ರ ಆ ಕಪ್ಪನ್ನು ಗೆಲ್ಲಿಸಿಕೊಟ್ಟ ಗೋಲನ್ನು ಹೊಡೆದವನು ಡಿಕ್ ಡಫ್, ನಮ್ಮ ಎರಡನೆಯ ವ್ಯಕ್ತಿ. ಗಣಿಗಳ ಊರಾದ ಕರ್ಕ್‌ಲೆಂಡ್ ಲೇಕ್‌ನವನು. ಟೊರಾಂಟೊ ತಂಡದ ಆಶ್ರಯದಲ್ಲಿದ್ದ ಸೇಂಟ್ ಮೈಕೇಲ್ಸ್ ಶಾಲೆಯಲ್ಲಿ ಓದುತ್ತ ಆಡುತ್ತ ಬೆಳೆದವನು. ಅಂಥವನನ್ನು 1964ರ ಫೆಬ್ರವರಿಯಲ್ಲಿ, ಋತುವಿನ ನಟ್ಟನಡುವೆ, ಇನ್ನೂ ನಾಲ್ವರೊಡನೆ ಕಂತೆ ಕಟ್ಟಿ ನ್ಯೂಯಾರ್ಕಿಗೆ ಕಳಿಸಿದರು. ವರ್ಷ ತುಂಬುವ ಮೊದಲೇ ನ್ಯೂಯಾರ್ಕ್ ಅವನನ್ನು ಮಾಂಟ್ರಿಯಲ್ಲಿಗೆ ದಾಟಿಸಿತು. ಮಾಂಟ್ರಿಯಲ್ಲಿನಲ್ಲಿ ಅವನು ನಾಲ್ಕು ಕಪ್ ಗೆದ್ದ. ಆದರೆ ಅವನ ಬಾಳಿನಲ್ಲಿ ನನಗೆ ಮರೆಯಲಾಗದ ರಾತ್ರಿ ಸೋಲಿನ ರಾತ್ರಿ. 1967, ಕೆನಡಾ ಒಕ್ಕೂಟದ ಶತಮಾನೋತ್ಸವದ ವರ್ಷ. ಮಾಂಟ್ರಿಯಲ್ಲಿನಲ್ಲಿ ವಿಶ್ವಪ್ರದರ್ಶನ ಆಗತಾನೆ ತೆರೆದಿತ್ತು. ಅಂತಿಮ ಸುತ್ತಿನಲ್ಲಿ ಆ ಎರಡು ನಗರಗಳೇ ಎದುರುಬದುರು. ಮೇ 2ರಂದು ಟೊರಾಂಟೊದ ಅಂಗಳದಲ್ಲಿ ನಡೆದ ಆರನೆಯ ಪಂದ್ಯವನ್ನು ಟೊರಾಂಟೊ ಮೂರು ಗೋಲಿಗೆ ಒಂದರಂತೆ ಗೆದ್ದು ಕಪ್ಪನ್ನು ಕೊಂಡೊಯ್ಯಿತು. ಮಾಂಟ್ರಿಯಲ್ಲಿನ ಆ ಒಂದೇ ಒಂದು ಗೋಲನ್ನು ಹೊಡೆದವನು ಡಿಕ್ ಡಫ್! ಐದು ವರ್ಷದ ಹಿಂದೆ ಯಾವ ಊರಿಗೆ ಕಪ್ಪನ್ನು ತಂದುಕೊಟ್ಟಿದ್ದನೋ ಅದೇ ಊರಿನ ಜನದ ಎದುರಿಗೆ, ಅದೇ ಊರಿನ ವಿರುದ್ಧ.

ಅದೇ ರಾತ್ರಿ ಟೊರಾಂಟೊದ ನೀಲಿ ಅಂಗಿಯಲ್ಲಿದ್ದವನು ಮೂರನೆಯವನಾದ ಫ್ರಾಂಕ್ ಮಹೋವ್ಲಿಚ್. ಕ್ರೊಯೇಷಿಯದಿಂದ ವಲಸೆ ಬಂದ ದಂಪತಿಗಳ ಮಗ. ಟಿಮಿನ್ಸ್ ಎಂಬ ಚಿನ್ನದ ಗಣಿಯ ಊರಿನವನು. 1960-61ರಲ್ಲಿ 48 ಗೋಲು ಹೊಡೆದು ಇಪ್ಪತ್ತಮೂರನೆಯ ವಯಸ್ಸಿಗೆ ಮನೆಮಾತಾದ. 1962ರ ಅಕ್ಟೋಬರಿನ ಒಂದು ಔತಣದ ರಾತ್ರಿ ಷಿಕಾಗೊ ತಂಡದ ಒಡೆಯ ಜೇಮ್ಸ್ ನಾರಿಸ್ ಅವನಿಗೆ ಹತ್ತು ಲಕ್ಷ ಡಾಲರು ಬೆಲೆ ಕಟ್ಟಿದ. ಮರುದಿನ ಚೆಕ್ಕನ್ನೂ ಕಳಿಸಿದ. ಟೊರಾಂಟೊ ಕೊನೆಗೆ ಒಲ್ಲೆನೆಂದು ಹಿಂದಿರುಗಿಸಿತು. ಈ ವ್ಯವಹಾರದಲ್ಲಿ ಯಾರೂ ಮಹೋವ್ಲಿಚನನ್ನು ಕೇಳಬೇಕಾಗಿರಲಿಲ್ಲ. ಬೆಲೆ ಅವನದು, ಹಣ ಒಡೆಯರದು. ಆದರೆ ಅಷ್ಟು ಬೆಲೆಯ ಆಳು ಪ್ರತಿ ರಾತ್ರಿಯೂ ಅಷ್ಟು ಬೆಲೆಯ ಆಟವನ್ನೇ ಆಡಬೇಕೆಂದು ಜನ ಬಯಸಿದರು; ಆಡದಿದ್ದಾಗ ಸ್ವಂತ ಊರಿನವರೇ ಮೂದಲಿಸಿದರು. ತರಬೇತುದಾರ ಪಂಚ್ ಇಮ್ಲಾಕ್ ಅವನ ಹೆಸರನ್ನು ವರ್ಷಗಟ್ಟಲೆ ಸರಿಯಾಗಿ ಉಚ್ಚರಿಸಲಿಲ್ಲ. 1964ರಲ್ಲೊಮ್ಮೆ, 1967ರಲ್ಲೊಮ್ಮೆ ಅವನ ಮನಸ್ಸು ಕುಸಿದು ಆಸ್ಪತ್ರೆ ಸೇರಬೇಕಾಯಿತು. ಟೊರಾಂಟೊಗೆ ನಾಲ್ಕು ಕಪ್ ತಂದುಕೊಟ್ಟವರಲ್ಲಿ ಒಬ್ಬನಾದ ಅವನನ್ನು 1968ರ ಮಾರ್ಚಿಯಲ್ಲಿ ಡೆಟ್ರಾಯಿಟಿಗೆ, 1971ರ ಜನವರಿಯಲ್ಲಿ ಅಲ್ಲಿಂದ ಮಾಂಟ್ರಿಯಲ್ಲಿಗೆ ಸಾಗಿಸಿದರು. ಮಾಂಟ್ರಿಯಲ್ಲಿನಲ್ಲಿ ಅವನ ತಮ್ಮ ಪೀಟರ್ ಆಗಲೇ ಆಡುತ್ತಿದ್ದ. ಅಲ್ಲಿ ಅವನು ಅರಳಿದ. ಆ ವಸಂತದ ಕಪ್ ಪಂದ್ಯಗಳಲ್ಲಿ 14 ಗೋಲು ಹೊಡೆದು, ಇನ್ನೂ 13 ಗೋಲಿಗೆ ನೆರವಾದ. ಆ ಕಾಲಕ್ಕೆ ಅದೊಂದು ದಾಖಲೆ. ಎದುರಾಳಿಯ ಊರೇ ಅವನಿಗೆ ತವರಾಯಿತು.

ನಾಲ್ಕನೆಯವನು ಝಾಕ್ ಪ್ಲಾಂಟ್. ನಾಲ್ವರಲ್ಲಿ ಫ್ರೆಂಚ್ ತಾಯ್ನುಡಿಯವನು ಇವನೊಬ್ಬನೆ. ಉಬ್ಬಸದ ರೋಗಿ, ಬಿಡುವಿನಲ್ಲಿ ಉಣ್ಣೆಯ ಕುಲಾವಿ ಹೆಣೆಯುತ್ತಿದ್ದ ವಿಚಿತ್ರ ಮನುಷ್ಯ. ಮಾಂಟ್ರಿಯಲ್ಲಿನ ಗೋಲ್‌ಕೀಪರನಾಗಿ ಆರು ಕಪ್ ಗೆದ್ದವನು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಮುಖಕ್ಕೆ ಬಡಿದು ರಕ್ತ ಸುರಿದಾಗ, ಮುಖವಾಡವಿಲ್ಲದೆ ಮತ್ತೆ ಅಂಗಳಕ್ಕಿಳಿಯುವುದಿಲ್ಲ ಎಂದು ಪಟ್ಟುಹಿಡಿದ. ತರಬೇತುದಾರನಿಗೆ ಇಷ್ಟವಿರಲಿಲ್ಲ, ಮುಖ ಮುಚ್ಚಿಕೊಂಡವನನ್ನು ಹೇಡಿಯೆನ್ನುವ ಕಾಲ ಅದು. ಪ್ಲಾಂಟ್ ಮಣಿಯಲಿಲ್ಲ. ಇಂದು ಮುಖವಾಡವಿಲ್ಲದ ಗೋಲ್‌ಕೀಪರನನ್ನು ಊಹಿಸುವುದೂ ಕಷ್ಟ. 1963ರಲ್ಲಿ ಅವನನ್ನೂ ನ್ಯೂಯಾರ್ಕಿಗೆ ಕಳಿಸಿದರು. ಆಟ ಬಿಟ್ಟು, ಮತ್ತೆ ಮರಳಿ, 1970ರಲ್ಲಿ ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ಟೊರಾಂಟೊ ಸೇರಿ, ಆ ಋತುವಿನಲ್ಲಿ ಇಡೀ ಲೀಗಿನಲ್ಲೇ ಅತ್ಯಂತ ಕಡಿಮೆ ಸರಾಸರಿಯಲ್ಲಿ ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರನೆನಿಸಿದ. ಅಷ್ಟೇ ಅಲ್ಲ, ಬರ್ನಿ ಪರಾಂ ಎಂಬ ತರುಣ ಗೋಲ್‌ಕೀಪರನನ್ನು ಹತ್ತಿರ ಕೂಡಿಸಿಕೊಂಡು ತನಗೆ ತಿಳಿದುದನ್ನೆಲ್ಲ ಧಾರೆಯೆರೆದ. ಮುಂದೆ ಬೇರೊಂದು ತಂಡದಲ್ಲಿ ಎರಡು ಕಪ್ ಗೆದ್ದ ಆ ಶಿಷ್ಯ ಗುರುವಿನ ಋಣವನ್ನು ಮರೆಯಲಿಲ್ಲ.

ಇವರಲ್ಲಿ ಯಾರನ್ನು ದ್ರೋಹಿ ಎನ್ನೋಣ? ಆಟಗಾರರ ಕರಾರಿನಲ್ಲಿ ಒಂದು ಷರತ್ತು ಇರುತ್ತಿತ್ತು. ಅವಧಿ ಮುಗಿದರೂ ಅವನ ಮೇಲಿನ ಹಕ್ಕು ತಂಡದ್ದೇ. ಒಡೆಯ ಅವನನ್ನು ಮಾರಬಹುದು, ಬದಲಿಸಬಹುದು, ಕೆಳಗಿನ ತಂಡಕ್ಕೆ ದೂಡಬಹುದು. ಅವನು ಮಾತ್ರ ತಾನಾಗಿ ಮತ್ತೊಬ್ಬರ ಬಾಗಿಲು ತಟ್ಟುವಂತಿಲ್ಲ. ಮೀಸೆ ಮೂಡುವ ಮೊದಲೇ ಹುಡುಗರಿಂದ ಇಂಥ ಪತ್ರಗಳಿಗೆ ರುಜು ಹಾಕಿಸಿಕೊಳ್ಳುತ್ತಿದ್ದರು. ಆರು ತಂಡಗಳ ಆಟಗಾರರು ಒಂದೇ ರೈಲಿನಲ್ಲಿ ಪಯಣಿಸಬೇಕಾಗಿ ಬಂದಾಗಲೂ ಎದುರಾಳಿಯೊಡನೆ ಮಾತಾಡುವುದು ಸಲ್ಲದೆಂಬ ವಾಡಿಕೆಯಿತ್ತು. ಹಗೆ ಆರದಿದ್ದರೆ ಟಿಕೆಟ್ಟು ಮಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾತನಾಡದವರು ಸಂಬಳವನ್ನು ಹೋಲಿಸಿ ನೋಡಿಕೊಳ್ಳುವುದಿಲ್ಲ.

1957ರಲ್ಲಿ ಆ ಮೌನ ಒಡೆಯಿತು. ಡೆಟ್ರಾಯಿಟಿನ ಟೆಡ್ ಲಿಂಡ್ಸೆ, ಮಾಂಟ್ರಿಯಲ್ಲಿನ ಡಗ್ ಹಾರ್ವೆ, ಟೊರಾಂಟೊದ ಜಿಮ್ ಥಾಮ್ಸನ್ ಮುಂತಾದವರು ಸೇರಿ ಆಟಗಾರರ ಸಂಘ ಕಟ್ಟಿದರು. ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ಒಡೆಯುತ್ತಿದ್ದವರು ಒಂದೇ ಮೇಜಿನ ಸುತ್ತ ಕುಳಿತು ತಮ್ಮ ಹಣೆಬರಹ ಒಂದೇ ಎಂದು ಕಂಡುಕೊಂಡರು. ಒಡೆಯರು ತಡಮಾಡಲಿಲ್ಲ. ಲಿಂಡ್ಸೆ, ಥಾಮ್ಸನ್ ಇಬ್ಬರನ್ನೂ ಅದೇ ಬೇಸಗೆಯಲ್ಲಿ ಅಂದಿನ ದುರ್ಬಲ ತಂಡವಾದ ಷಿಕಾಗೊಗೆ ಸಾಗಹಾಕಿದರು. ಮರುವರ್ಷದೊಳಗೆ ಸಂಘ ಮುರಿದುಬಿತ್ತು. ಅಂದಮೇಲೆ ತಂಡ ಬದಲಿಸುವುದು ಆಟಗಾರನ ದ್ರೋಹವಾಗಿರಲಿಲ್ಲ. ಒಡೆಯ ವಿಧಿಸುವ ಶಿಕ್ಷೆಯಾಗಿತ್ತು. ನೆಲೆಯುಳ್ಳ ಆಟಗಾರರ ಸಂಘ ಹುಟ್ಟಿದ್ದು 1967ರಲ್ಲಿ. 1972ರಲ್ಲಿ ಎದುರು ಲೀಗೊಂದು ತಲೆಯೆತ್ತಿ, ಅಮೆರಿಕದ ನ್ಯಾಯಾಲಯವೂ ಹಳೆಯ ಷರತ್ತಿಗೆ ತಡೆ ಹಾಕಿದ ಮೇಲೆಯೇ ಆಟಗಾರನಿಗೆ ‘ನಾನು ಹೋಗುತ್ತೇನೆ’ ಎನ್ನುವ ಬಾಯಿ ಬಂದದ್ದು.

ಹಾಗಾದರೆ ಆ ಎರಡು ನಗರಗಳ ಜನರ ಅಭಿಮಾನ ಬರಿಯ ಭ್ರಮೆಯೆ? ಹಾಗೆನ್ನಲು ನನಗೆ ಮನಸ್ಸು ಬಾರದು. ಕ್ವಿಬೆಕ್‌ನ ಲೇಖಕ ರಾಕ್ ಕ್ಯಾರಿಯೆ 1979ರಲ್ಲಿ ಒಂದು ಪುಟ್ಟ ಕಥೆ ಪ್ರಕಟಿಸಿದ. ಹಳ್ಳಿಯ ಹುಡುಗರೆಲ್ಲ ರಿಶಾರ್‌ನ ಕೆಂಪಂಗಿ ತೊಟ್ಟು ಆಡುತ್ತಿರುವಾಗ, ಅಂಚೆಯಲ್ಲಿ ತಪ್ಪಿ ಬಂದ ಟೊರಾಂಟೊದ ನೀಲಿ ಅಂಗಿಯನ್ನು ತಾಯಿಯ ಒತ್ತಾಯಕ್ಕೆ ತೊಡಬೇಕಾದ ಹುಡುಗನ ಕಥೆ ಅದು. ಅವನ ಅವಮಾನವನ್ನು ಓದಿ ನಕ್ಕವರು ಆ ನಗೆಯೊಳಗೆ ಇರುವ ನೋವನ್ನೂ ಕಂಡರು. ಎರಡೂ ಭಾಷೆಯ ಮಕ್ಕಳು ಅದನ್ನು ಓದಿದರು; 2002ರಲ್ಲಿ ಹೊರಬಂದ ಕೆನಡಾದ ಐದು ಡಾಲರಿನ ನೋಟಿನ ಮೇಲೆ ಆ ಕಥೆಯ ಸಾಲುಗಳು ಎರಡೂ ಭಾಷೆಗಳಲ್ಲಿ ಅಚ್ಚಾದವು. ಮಗುವಿನ ಪಾಲಿಗೆ ಅಂಗಿಯೇ ನಾಡು. ಆ ಪ್ರೀತಿ ಸುಳ್ಳಲ್ಲ. ಸುಳ್ಳಾದದ್ದು, ಆ ಪ್ರೀತಿಯ ಭಾರವನ್ನೆಲ್ಲ ಅಂಗಿಯೊಳಗಿನ ಕೂಲಿಯಾಳಿನ ಮೇಲೆ ಹೊರಿಸಿ, ಅವನನ್ನು ಮಾರಿದವನನ್ನು ಕೇಳದೆ ಬಿಟ್ಟದ್ದು.

ಕಾಲ ಕೆಲವು ಲೆಕ್ಕಗಳನ್ನು ತಿದ್ದಿದೆ. ಪ್ಲಾಂಟ್ 1986ರಲ್ಲಿ ತೀರಿಕೊಂಡ. ಅವನ ಅಂಗಿಯ ಅಂಕಿಯನ್ನು ಮಾಂಟ್ರಿಯಲ್ 1995ರಲ್ಲಿ ಇನ್ನಾರಿಗೂ ಕೊಡದಂತೆ ಎತ್ತಿಟ್ಟಿತು. ಒಂದು ಕಾಲಕ್ಕೆ ಮೂದಲಿಸಿದ ಟೊರಾಂಟೊ 2016ರಲ್ಲಿ ಮಹೋವ್ಲಿಚನ 27ನೆಯ ಅಂಕಿಗೆ ಅದೇ ಮರ್ಯಾದೆ ಮಾಡಿತು. ಅಷ್ಟು ಹೊತ್ತಿಗೆ ಅವನು ಕೆನಡಾದ ಸೆನೆಟ್ ಸಭೆಯಲ್ಲಿ ಹದಿನೈದು ವರ್ಷ ಕುಳಿತು ಎದ್ದಿದ್ದ.

ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಭಾಷಣ ಅವನ ಕಿವಿಗೆ ಬೀಳುತ್ತಿದ್ದರೆ ತಡವಾದ ಉತ್ತರ ಇದು. ಕರ್ಣ ಉಳಿದದ್ದು ದೊಡ್ಡದೆನಿಸುವುದು, ಬಿಟ್ಟುಹೋಗುವ ದಾರಿ ಅವನ ಎದುರಿಗೆ ತೆರೆದಿದ್ದರಿಂದ. ದುರ್ಯೋಧನ ಅವನನ್ನು ಎಂದೂ ವಿಲೇವಾರಿ ಮಾಡಲಿಲ್ಲ ಎಂಬುದನ್ನೂ ನೆನೆಯಬೇಕು. ಜೋಳವಾಳಿಗೆ ಉಂಡವನ ಕಡೆಯೊಂದೇ ಅಲ್ಲ, ಉಣಿಸಿದವನ ಕಡೆಯೂ ಇದೆ. ಆ ಕಡೆ ಮುರಿದುಬಿದ್ದ ಮೇಲೆ ಆಳಿಗೆ ಉಳಿಯುವ ನಿಷ್ಠೆ ಒಂದೇ: ತನ್ನ ಕಸುಬಿನ ಮೇಲಣ ನಿಷ್ಠೆ. ನೀಲಿ ಅಂಗಿ ತೊಟ್ಟ ರಾತ್ರಿ ನೀಲಿಗಾಗಿ, ಕೆಂಪು ತೊಟ್ಟ ರಾತ್ರಿ ಕೆಂಪಿಗಾಗಿ, ಮೈಮುರಿದು ಆಡಿದ ಆ ನಾಲ್ವರೂ ಅದನ್ನು ಕೊನೆಯವರೆಗೆ ಕಾಪಾಡಿಕೊಂಡರು.