ಹಾಕಿ ಸ್ಕೇಟ್ ಕೊಳ್ಳುವಾಗ ಅಳತೆ ನೋಡುವುದು ಹೇಗೆ?

ಹಾಕಿ ಎಂದೊಡನೆ ಕನ್ನಡಿಗರ ಕಣ್ಮುಂದೆ ಬರುವುದು ಕೊಡಗಿನ ಮೈದಾನ. ಆದರೆ ಕೆನಡಾದಲ್ಲಿ ಆ ಪದಕ್ಕೆ ಮಂಜುಗಡ್ಡೆಯ ಮೇಲಿನ ಆಟವೆಂದೇ ಅರ್ಥ. 1994ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆಯ ಮೂಲಕವೇ ಅದನ್ನು ರಾಷ್ಟ್ರೀಯ ಚಳಿಗಾಲದ ಕ್ರೀಡೆಯೆಂದು ಘೋಷಿಸಿದೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬದ ಮಗುವೊಂದು ಶಾಲೆಯ ಗೆಳೆಯರೊಡನೆ ರಿಂಕಿಗೆ ಇಳಿಯಲು ಹಠ ಹಿಡಿದಾಗ ತಂದೆತಾಯಿಗೆ ಎದುರಾಗುವ ಮೊದಲ ಪ್ರಶ್ನೆ, ಯಾವ ನಂಬರಿನ ಸ್ಕೇಟ್ ಕೊಳ್ಳಬೇಕು ಎಂಬುದು.

ಜೂನ್ ತಿಂಗಳಲ್ಲಿ ಶಾಲೆಯ ಬೂಟು ಕೊಳ್ಳುವಾಗ ‘ಬೆಳೆಯುವ ಮಗು, ಒಂದು ನಂಬರ್ ದೊಡ್ಡದೇ ಇರಲಿ’ ಎನ್ನುವುದು ನಮ್ಮಲ್ಲಿ ರೂಢಿ. ಸ್ಕೇಟಿನ ವಿಷಯದಲ್ಲಿ ಇದೇ ದೊಡ್ಡ ತಪ್ಪು. ಆಟಗಾರನ ಇಡೀ ಭಾರ ನಿಲ್ಲುವುದು ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕಿನ ಅಲಗಿನ ಮೇಲೆ. ಬೂಟಿನೊಳಗೆ ಪಾದ ಅಲುಗಾಡಿದರೆ ಅಲಗು ಮಾತು ಕೇಳುವುದಿಲ್ಲ. ಪಾದದ ಕೀಲು ಒಳಕ್ಕೆ ವಾಲುತ್ತದೆ. ನೋಡಿದವರು ಮಗುವಿನ ಕಾಲಿಗೆ ಬಲವಿಲ್ಲ ಎನ್ನುತ್ತಾರೆ. ಮಗುವೂ ಅದನ್ನೇ ನಂಬಿ ಆಟ ಬಿಟ್ಟುಬಿಡುವ ಸಂಭವ ಉಂಟು. ದೋಷ ಕಾಲಿನದಲ್ಲ, ಬೂಟಿನದು.

ಸ್ಕೇಟಿನ ನಂಬರು ಚಪ್ಪಲಿ ಅಂಗಡಿಯ ನಂಬರಿಗೆ ಹೊಂದುವುದಿಲ್ಲ. ಅಮೆರಿಕದ ಅಳತೆಯ ಗಂಡಸರ ಬೂಟಿಗಿಂತ ಅದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ನಂಬರ್ ಕಡಿಮೆ. ಭಾರತದಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಅಳತೆಯಾದ್ದರಿಂದ ಗೊಂದಲ ಇನ್ನೂ ಹೆಚ್ಚು. ಇಲ್ಲಿ 8 ನಂಬರ್ ಧರಿಸುವವರಿಗೆ ಅಮೆರಿಕದ ಬೂಟು ಸುಮಾರು 9 ಆಗುತ್ತದೆ. ಸ್ಕೇಟ್ ಮಾತ್ರ ಏಳೂವರೆ ಅಥವಾ 8ಕ್ಕೆ ಬಂದು ನಿಲ್ಲುತ್ತದೆ. ಹಾಕಿ ಸ್ಕೇಟುಗಳ ನಂಬರು ಗಂಡಸರ ಅಳತೆಯನ್ನೇ ಆಧರಿಸಿರುವುದರಿಂದ ಮಹಿಳೆಯರು ತಮ್ಮ ಅಮೆರಿಕದ ನಂಬರಿನಿಂದ ಎರಡೂವರೆಯಷ್ಟು ಕಳೆಯಬೇಕಾಗುತ್ತದೆ.

ಈ ಲೆಕ್ಕವೆಲ್ಲ ಆರಂಭಕ್ಕಷ್ಟೇ. ಅಂಗಡಿಯಲ್ಲಿ ಎರಡೂ ಪಾದಗಳನ್ನು ನಿಂತೇ ಅಳೆಯಿಸಬೇಕು. ಬಹುತೇಕರಿಗೆ ಒಂದು ಪಾದ ತುಸು ದೊಡ್ಡದಿರುತ್ತದೆ. ದೊಡ್ಡ ಪಾದದ ಅಳತೆಯನ್ನೇ ಹಿಡಿಯಬೇಕು. ಆಟದ ವೇಳೆ ಹಾಕುವ ತೆಳು ಕಾಲುಚೀಲವನ್ನೇ ಹಾಕಿಕೊಂಡು ಹೋಗುವುದು ಒಳಿತು. ಚಳಿಯೆಂದು ಉಣ್ಣೆಯ ದಪ್ಪ ಕಾಲುಚೀಲ ತೊಟ್ಟು ಅಳತೆ ಕೊಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ.

ಸ್ಕೇಟ್ ಧರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಬಾರಿ ತಟ್ಟಿ ಹಿಂದಕ್ಕೆ ಕೂರಿಸಿ, ಲೇಸನ್ನು ಪೂರ್ತಿ ಬಿಗಿಯಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗವನ್ನು ಹೂವಿನಂತೆ ಸೋಕಬೇಕು. ಮೊಣಕಾಲು ಬಾಗಿಸಿ ಆಟದ ಭಂಗಿಗೆ ಬಂದಾಗ ಹಿಮ್ಮಡಿ ಹಿಂದೆ ಸರಿದು ಆ ಸ್ಪರ್ಶ ತಪ್ಪಬೇಕು. ಬೆರಳು ಮಡಚಿದರೆ ಚಿಕ್ಕದು. ಲೇಸ್ ಸಡಿಲಿಸಿ, ಪಾದವನ್ನು ಪೂರ್ತಿ ಮುಂದೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಸರಾಗವಾಗಿ ಇಳಿದರೆ ದೊಡ್ಡದು.

ಉದ್ದ ಸರಿಯಾದವರೂ ಎಡವುವುದು ಅಗಲದಲ್ಲಿ. ಹಿಂದಿನಿಂದ ಬಂದ ಗುರುತಿನಲ್ಲಿ ‘ಡಿ’ ಎಂದರೆ ಸಾಧಾರಣ, ‘ಇಇ’ ಎಂದರೆ ಅಗಲ. ಬಾಯರ್ ಸಂಸ್ಥೆಯು 2020ರಿಂದ ಇದರ ಬದಲು ಫಿಟ್ 1, 2, 3 ಎಂಬ ವರ್ಗೀಕರಣ ತಂದಿದೆ. ಮೊದಲನೆಯದು ಸಪೂರ ಪಾದಕ್ಕೆ, ಮೂರನೆಯದು ಅಗಲವೂ ಎತ್ತರವೂ ಇರುವ ಪಾದಕ್ಕೆ. ಸಿಸಿಎಂ ಸಂಸ್ಥೆಯದು ಟೇಪರ್ಡ್, ರೆಗ್ಯುಲರ್, ವೈಡ್ ಎಂಬ ವಿಂಗಡಣೆ. ಬರಿಗಾಲಲ್ಲೋ ಚಪ್ಪಲಿಯಲ್ಲೋ ಬೆಳೆದವರ ಪಾದ ಮುಂಭಾಗದಲ್ಲಿ ಹರಡಿಕೊಂಡಿರುವುದು ಸಾಮಾನ್ಯ. ಅಂಥವರು ಸಾಧಾರಣ ಅಗಲದ ಬೂಟು ಬಿಗಿಯಾಯಿತೆಂದು ಒಂದು ನಂಬರ್ ಮೇಲಕ್ಕೆ ಹೋಗುತ್ತಾರೆ. ಅಗಲದ ನೋವು ಕಡಿಮೆಯಾಗುತ್ತದೆ, ಆದರೆ ಹಿಮ್ಮಡಿ ಸಡಿಲಾಗಿ ಬೊಕ್ಕೆ ಏಳುತ್ತದೆ. ಅವರಿಗೆ ಬೇಕಾದದ್ದು ಅದೇ ನಂಬರಿನ ಅಗಲ ಬೂಟು.

ಮೂರನೆಯದು ಬೂಟಿನ ಆಳ. ಇದನ್ನು ಕೇಳುವವರೇ ವಿರಳ. ಲೇಸ್ ಕಟ್ಟದೆ ಪಾದವಿಟ್ಟು, ಮೇಲಿನಿಂದ ಮೂರನೇ ಜೊತೆ ರಂಧ್ರಗಳ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲ್ ಇಟ್ಟು ನೋಡಬೇಕು. ಪೆನ್ಸಿಲ್ ಎರಡೂ ಅಂಚಿಗೆ ತಾಗಿ ನಿಂತರೆ ಆಳ ಸಾಕು. ಪಾದದ ಉಬ್ಬಿಗೆ ತಾಗಿ ತೊಟ್ಟಿಲಿನಂತೆ ತೂಗಿದರೆ ಬೂಟು ಆಳವಿಲ್ಲವೆಂದೇ ಅರ್ಥ. ಅದನ್ನೇ ಕೊಂಡರೆ ಲೇಸ್ ಪಾದದ ಮೇಲಿನ ಸ್ನಾಯುರಜ್ಜುಗಳನ್ನು ಒತ್ತಿ ನೋವು ಬರುತ್ತದೆ. ಆಟಗಾರರು ಇದನ್ನು ‘ಲೇಸ್ ಬೈಟ್’ ಎನ್ನುತ್ತಾರೆ.

ಅಂಗಡಿಯ ಒಲೆಯಲ್ಲಿ ಸ್ಕೇಟನ್ನು ಕೆಲವು ನಿಮಿಷ ಬಿಸಿಮಾಡಿ ಪಾದಕ್ಕೆ ಹೊಂದಿಸುವ ಕ್ರಮವೂ ಉಂಟು. ಬಿಸಿ ಬೂಟು ಧರಿಸಿ, ಲೇಸ್ ಕಟ್ಟಿ, ಆರುವವರೆಗೆ ನಡೆಯದೆ ಕುಳಿತಿರಬೇಕು. ಗಂಟಿನ ಬಳಿಯ ಸಣ್ಣಪುಟ್ಟ ಒತ್ತಡ ಇದರಿಂದ ಇಳಿಯುತ್ತದೆ. ಚಿಕ್ಕ ಬೂಟು ಮಾತ್ರ ಯಾವ ಒಲೆಯಲ್ಲೂ ದೊಡ್ಡದಾಗದು. ಎಲ್ಲ ಬೂಟುಗಳೂ ಬಿಸಿ ತಡೆಯುವುದಿಲ್ಲವಾದ್ದರಿಂದ ಮನೆಯ ಓವನ್‌ನಲ್ಲಿ ಈ ಪ್ರಯೋಗ ಸಲ್ಲದು.

ಬೆಳೆಯುವ ಮಕ್ಕಳಿಗೆ ಹೆಚ್ಚೆಂದರೆ ಅರ್ಧ ನಂಬರ್ ದೊಡ್ಡದು ಕೊಳ್ಳಬಹುದು. ಅರ್ಧ ನಂಬರ್ ಎಂದರೆ ಉದ್ದದಲ್ಲಿ ಸುಮಾರು 4 ಮಿಲಿಮೀಟರ್. ಖರ್ಚು ಉಳಿಸಬೇಕೆನ್ನುವವರಿಗೆ ಒಂದು ನಂಬರ್ ದೊಡ್ಡದಾದ ಹೊಸ ಸ್ಕೇಟಿಗಿಂತ ಸರಿ ಅಳತೆಯ ಹಳೆಯ ಸ್ಕೇಟೇ ಲೇಸು. ಮಕ್ಕಳು ಬೂಟು ಸವೆಸುವ ಮೊದಲೇ ಬೆಳೆದುಬಿಡುವುದರಿಂದ ಒಂದೇ ಋತು ಬಳಸಿದ ಜೋಡಿಗಳು ಸಿಗುವುದುಂಟು. ಆದರೆ ಕೊಳ್ಳುವ ಮುನ್ನ ಕೀಲಿನ ಭಾಗವನ್ನು ಎರಡೂ ಕಡೆಯಿಂದ ಅದುಮಿ ನೋಡಬೇಕು. ಅದು ಮೆತ್ತಗೆ ಮಡಚಿಕೊಂಡರೆ ಆ ಜೋಡಿಯನ್ನು ಬಿಡುವುದು ವಾಸಿ. ಉಕ್ಕಿನ ಅಲಗು ಎಷ್ಟು ಎತ್ತರ ಉಳಿದಿದೆ ಎಂಬುದನ್ನೂ ಗಮನಿಸಬೇಕು. ಪ್ರತಿ ಬಾರಿ ಸಾಣೆ ಹಿಡಿದಾಗಲೂ ಅದು ಸವೆಯುತ್ತಾ ಬಂದಿರುತ್ತದೆ.