ಪ್ಲೇಗಿನ ರೈಲಿನಿಂದ ಹಿರೋಳಿ ಚೆಕ್‌ಪೋಸ್ಟ್‌ವರೆಗೆ

ಪರಸ್ಥಳದಿಂದ ಬಂದವರನ್ನು ತಡೆದು ಕೂಡಿಸುವ ಪದ್ಧತಿ ಹುಟ್ಟಿದ್ದು ಕಡಲ ದಂಡೆಯಲ್ಲಿ. 1377ರಲ್ಲಿ ರಗೂಸಾ, ಅಂದರೆ ಇಂದಿನ ಡುಬ್ರೋವ್ನಿಕ್, ಪ್ಲೇಗು ಬಿದ್ದ ಊರಿನವರನ್ನು 30 ದಿನ ಪಟ್ಟಣದ ಹೊರಗಿರಿಸಿತು. ಬಂದರಿಗೆ ಬಾಗಿಲು ಒಂದೇ. ಮಹಾರಾಷ್ಟ್ರ-ಕರ್ನಾಟಕ ಗಡಿಯ ಸೊಲ್ಲಾಪುರ, ಅಕ್ಕಲಕೋಟದಂಥ ಒಳನಾಡಿಗೆ ನೂರು ಬಾಗಿಲು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಪತ್ತೆಯಾಯಿತು. ಹೆದರಿದ ಜನ ರೈಲು ಹತ್ತಿದರು. ಅಲ್ಲಿಂದ ರಾಯಚೂರಿಗೆ ಹೋಗುವ ಹಳಿ ಸೊಲ್ಲಾಪುರ, ಅಕ್ಕಲಕೋಟ ರೋಡ್ ಹಾದೇ ಹೋಗುತ್ತದೆ. ಆಗ ಸೊಲ್ಲಾಪುರ ಬ್ರಿಟಿಷರದು, ಅಕ್ಕಲಕೋಟ ಭೋಸಲೆ ಅರಸರ ಸಂಸ್ಥಾನ, ಆಚೆಯ ಕಲಬುರಗಿ ನಿಜಾಮನದು. ಒಂದೇ ದಾರಿಗೆ ಮೂವರು ಧಣಿಗಳು! 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ರೈಲು ಪ್ರಯಾಣಿಕರ ತಪಾಸಣೆಗೂ ಶಂಕಿತರನ್ನು ಬೇರೆ ಇರಿಸುವುದಕ್ಕೂ ಅಧಿಕಾರ ಕೊಟ್ಟಿತು. ಪ್ಲಾಟ್‌ಫಾರ್ಮಿನ ಮೇಲೆ ಜನರನ್ನು ಸಾಲಾಗಿ ನಿಲ್ಲಿಸಿ ಕಂಕುಳು, ತೊಡೆಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಒತ್ತಿ ನೋಡುತ್ತಿದ್ದರು. ಹೆಂಗಸರಿಗೆ ಅದೆಂಥ ಸಂಕಟವಾಗಿರಬೇಕು! ಅಷ್ಟು ಮಾಡಿಯೂ ರೋಗ ನಿಲ್ಲಲಿಲ್ಲ. ಅದನ್ನು ದಾಟಿಸುವುದು ಇಲಿಯ ಚಿಗಟವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಕಂಡುಕೊಂಡದ್ದು 1898ರಲ್ಲಿ. 1918ರ ಇನ್‌ಫ್ಲುಯೆಂಜಾ ಕೂಡ ರೈಲಿನಲ್ಲೇ ಒಳನಾಡು ಸೇರಿತು. ತಡೆಯುವಷ್ಟು ಪುರುಸೊತ್ತನ್ನೂ ಅದು ಕೊಡಲಿಲ್ಲ.

2020ರ ಕೊರೊನಾದಲ್ಲಿ ಕೈಗೆ ಬಂದದ್ದು ಕಾಗದ. ಕರ್ನಾಟಕದ ಸೇವಾಸಿಂಧು ಜಾಲತಾಣದ ಪಾಸ್, ಹಣೆಗೆ ಥರ್ಮಲ್ ಸ್ಕ್ಯಾನರ್, ಮುಂಗೈಗೆ ಶಾಯಿಯ ಮುದ್ರೆ, ಆಮೇಲೆ ಶಾಲೆಯೋ ಹಾಸ್ಟೆಲ್ಲೋ ಕ್ವಾರಂಟೈನ್ ಕೇಂದ್ರ. ಅಕ್ಕಲಕೋಟದಿಂದ ಆಳಂದಕ್ಕೆ ಬರುವವರಿಗೆ ಹಿರೋಳಿ, ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವವರಿಗೆ ಭೀಮೆಯ ದಂಡೆಯ ಧೂಳಖೇಡ ಚೆಕ್‌ಪೋಸ್ಟುಗಳಾದವು. ಮೇ 18ರಂದು ಕರ್ನಾಟಕ ಮಹಾರಾಷ್ಟ್ರದವರ ಪ್ರವೇಶವನ್ನೇ ನಿಲ್ಲಿಸಿತು. ಜೂನ್‌ನಲ್ಲಿ ಬಾಗಿಲು ತೆರೆದರೂ ಮಹಾರಾಷ್ಟ್ರದವರಿಗೆ ಮಾತ್ರ 7 ದಿನ ಸಾಂಸ್ಥಿಕ, ಮತ್ತೆ 7 ದಿನ ಮನೆ ಕ್ವಾರಂಟೈನ್. ಅಂತರರಾಜ್ಯ ಓಡಾಟ ತಡೆಯಬೇಡಿ ಎಂದು ಕೇಂದ್ರ ಪತ್ರ ಬರೆದ ಮೇಲೆ, ಆಗಸ್ಟ್ 24ರಂದು ಎಲ್ಲವೂ ರದ್ದು. 2021ರ ಫೆಬ್ರವರಿಯಲ್ಲಿ ಇನ್ನೊಂದು ಕಾಗದ ಬಂತು: 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ.

ಮುಂಬಯಿಯಿಂದ ಒಮ್ಮೆ ಊರಿಗೆ ಬರುವವನಿಗೆ ಇದೆಲ್ಲ ಸರಿಯೇ. ಗಡಿಯಾಚೆ ಹೊಲ ಇರುವವರು, ಬೀಗರು ಇರುವವರು, ಆಸ್ಪತ್ರೆಗೆ ಸೊಲ್ಲಾಪುರವನ್ನೇ ನಂಬಿದವರು ಏನು ಮಾಡಬೇಕು? ದಿನಾ ಓಡಾಡುವವರು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕೆಂಬ ರಿಯಾಯಿತಿ ಕಂಡದ್ದು 2021ರ ಸುತ್ತೋಲೆಗಳಲ್ಲಿ. ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದಲ್ಲಿ ಗಡಿಯವನನ್ನು ಗಡಿಯವನೆಂದು ಗುರುತಿಸಿದ ನಿಯಮ ಅದೊಂದೇ.

ಸಂವಿಧಾನದ ಕೇಂದ್ರ ಪಟ್ಟಿಯ 81ನೇ ನಮೂದು ಅಂತರರಾಜ್ಯ ಕ್ವಾರಂಟೈನ್ ಅನ್ನು ಸಂಸತ್ತಿಗೆ ಒಪ್ಪಿಸಿದೆ. ಗಡಿ ನಡೆದದ್ದು ಮಾತ್ರ ರಾಜ್ಯದ ಸುತ್ತೋಲೆಗಳ ಮೇಲೆ. ಮುಂದಿನ ಪಿಡುಗು ಬರುವ ಮೊದಲೇ ಸೊಲ್ಲಾಪುರ, ಕಲಬುರಗಿ, ವಿಜಯಪುರ ಜಿಲ್ಲಾಡಳಿತಗಳು ಕೂತು ಗಡಿ ಹಳ್ಳಿಗಳಿಗೆ ಒಂದೇ ಪಾಸ್ ಗೊತ್ತುಮಾಡಲಿ.