ಬೆಜೆಸ್ತಾನಿನಿಂದ ಮಾಲ್‌ವರೆಗೆ: ಇಸ್ತಾಂಬುಲಿನ ಪೇಟೆಯ ಕಥೆ



ಇತಿಹಾಸ ಎಂದ ಕೂಡಲೇ ನಮಗೆ ನೆನಪಾಗುವುದು ರಾಜರು, ಯುದ್ಧಗಳು, ಕೋಟೆಗಳು. ಆದರೆ ಒಂದು ಊರು ಹೇಗೆ ಬದುಕಿತು ಎಂದು ತಿಳಿಯಬೇಕಾದರೆ ಅದರ ಪೇಟೆಗೆ ಹೋಗಬೇಕು. ಯಾರು ಮಾರುತ್ತಿದ್ದರು, ಬೆಲೆ ಯಾರು ಕಟ್ಟುತ್ತಿದ್ದರು, ಅಂಗಡಿಯ ಬಾಡಿಗೆ ಯಾರ ಕೈ ಸೇರುತ್ತಿತ್ತು ಎಂಬ ಪ್ರಶ್ನೆಗಳನ್ನು ಕೇಳಿದರೆ ಅರಮನೆಯ ದಫ್ತರಗಳು ಹೇಳದ ಸಂಗತಿಗಳೂ ತಿಳಿಯುತ್ತವೆ. ಈ ದೃಷ್ಟಿಯಿಂದ ಟರ್ಕಿಯ ಇಸ್ತಾಂಬುಲ್ ನಗರದ ಪೇಟೆಯನ್ನು ನೋಡೋಣ. ಐದೂವರೆ ಶತಮಾನ ಹಳೆಯ ಬಜಾರೂ, ನೂರಕ್ಕೂ ಹೆಚ್ಚು ಮಾಲ್‌ಗಳೂ ಒಂದೇ ಊರಿನಲ್ಲಿರುವುದು ಅಲ್ಲಿನ ವಿಶೇಷ.

ಬಟ್ಟೆ ಪೇಟೆಯಿಂದ ಆರಂಭ

1453ರಲ್ಲಿ ಸುಲ್ತಾನ್ ಎರಡನೇ ಮೆಹಮದ್ ಈ ನಗರವನ್ನು ಗೆದ್ದಾಗ ಅದು ಜನರಿಲ್ಲದೆ ಸೊರಗಿತ್ತು. ಮನೆ ಕಟ್ಟಿಸಿದ ಮಾತ್ರಕ್ಕೆ ಜನ ಬಂದು ನೆಲೆಸುವುದಿಲ್ಲ, ದುಡಿಮೆಯೂ ಬೇಕು. ಆದ್ದರಿಂದ 1455-56ರ ಚಳಿಗಾಲದಲ್ಲೇ ಒಂದು ಭದ್ರವಾದ ಕಲ್ಲಿನ ಮಾರುಕಟ್ಟೆಯ ಕೆಲಸ ಶುರುವಾಗಿ, 1460-61ರ ಹೊತ್ತಿಗೆ ಮುಗಿಯಿತು. ಅದರ ಹೆಸರು ಬೆದೆಸ್ತೆನ್. ಇದು 'ಬಜ್ಜಾಜಿಸ್ತಾನ್', ಅಂದರೆ ಬಟ್ಟೆ ವ್ಯಾಪಾರಿಗಳ ಜಾಗ, ಎಂಬ ಪದದ ರೂಪಾಂತರ. ಉರ್ದು ಬಲ್ಲವರಿಗೆ 'ಬಜ್ಜಾಜ್' ಹೊಸ ಪದವೇನಲ್ಲ. ಮುಂದೆ ಪಕ್ಕದಲ್ಲಿ ಎರಡನೆಯ ಬೆದೆಸ್ತೆನ್ ಎದ್ದಿತು. ಇವೆರಡರ ಸುತ್ತ ಬೀದಿಗಳು ಬೆಳೆದು, ಬೀದಿಗಳ ಮೇಲೆ ಛಾವಣಿ ಬಂದು, ಅದು ಕಪಾಲೀ ಚಾರ್ಶಿ ಎನಿಸಿತು. 'ಮುಚ್ಚಿದ ಪೇಟೆ' ಎಂದು ಇದರ ಅರ್ಥ. ಇಂದು ಅಲ್ಲಿ 60ಕ್ಕೂ ಹೆಚ್ಚು ಬೀದಿಗಳೂ ಸುಮಾರು 4,000 ಅಂಗಡಿಗಳೂ ಇವೆ.

ಬೆದೆಸ್ತೆನ್ ಬರೀ ಮಾರಾಟದ ಜಾಗವಾಗಿರಲಿಲ್ಲ. ಬ್ಯಾಂಕುಗಳಿಲ್ಲದ ಆ ಕಾಲದಲ್ಲಿ ಊರಿನ ಸ್ಥಿತಿವಂತರು ತಮ್ಮ ಒಡವೆ, ಹಣವನ್ನು ಅದರೊಳಗೆ ಇಡುತ್ತಿದ್ದರು. ದಪ್ಪ ಗೋಡೆ, ಕಬ್ಬಿಣದ ಬಾಗಿಲು, ರಾತ್ರಿ ಕಾವಲು ಎಲ್ಲವೂ ಇದ್ದವು. ಹಳೆಯ ಬೆದೆಸ್ತೆನಿಗೆ ನಂತರ 'ಜವಾಹಿರ್' ಎಂಬ ಹೆಸರೂ ಬಂತು.

ಬಾಡಿಗೆ ಎಲ್ಲಿಗೆ ಹೋಗುತ್ತಿತ್ತು?

ಇಲ್ಲಿ ನೀವು ಸ್ವಲ್ಪ ನಿಂತು ಯೋಚಿಸಬೇಕು. ಈ ಬೆದೆಸ್ತೆನಿನ ಬಾಡಿಗೆ ಸುಲ್ತಾನನ ಸ್ವಂತ ಖಜಾನೆಗೆ ಸೇರಲಿಲ್ಲ. ಅದನ್ನು ಆಯಾಸೋಫಿಯಾ ಮಸೀದಿಯ ವಕ್ಫ್‌ಗೆ ಬಿಟ್ಟುಕೊಡಲಾಯಿತು. ಅದೇ ಸುಲ್ತಾನ 1463ರಿಂದ 1470ರವರೆಗೆ ಕಟ್ಟಿಸಿದ ಫಾತಿಹ್ ಸಮುಚ್ಚಯದಲ್ಲಿ ಎಂಟು ಉನ್ನತ ಮದರಸಾಗಳು, ಆಸ್ಪತ್ರೆ, ಅನ್ನಛತ್ರ ಇದ್ದವು. ಇಂಥ ಸಂಸ್ಥೆಗಳೆಲ್ಲ ನಡೆಯುತ್ತಿದ್ದುದು ಅಂಗಡಿ, ಹಮಾಮು, ಹೊಲಗಳ ಆದಾಯದಿಂದ. ಹೀಗೆ ಗಿರಾಕಿ ಕೊಂಡ ಒಂದು ಗಜ ಬಟ್ಟೆಯ ಹಣದಲ್ಲಿ ಒಂದು ಸಣ್ಣ ಪಾಲು ಸುತ್ತಿ ಬಳಸಿ ಧರ್ಮಕಾರ್ಯಕ್ಕೋ ವಿದ್ಯೆಗೋ ತಲುಪುತ್ತಿತ್ತು.

ಇನ್ನೊಂದು ಉದಾಹರಣೆ ಮಿಸಿರ್ ಚಾರ್ಶಿ. ಮಿಸಿರ್ ಎಂದರೆ ಈಜಿಪ್ಟ್. ಈಜಿಪ್ಟಿನಿಂದ ಬಂದ ಕಂದಾಯದ ಹಣದಿಂದ ಕಟ್ಟಿದ್ದರಿಂದ ಈ ಹೆಸರು ಬಂತೆಂದು ಹೇಳಲಾಗುತ್ತದೆ. 1597ರಲ್ಲಿ ಆರಂಭವಾಗಿ ಅರ್ಧಕ್ಕೇ ನಿಂತುಹೋಗಿದ್ದ ಒಂದು ಮಸೀದಿಯನ್ನು ಸುಲ್ತಾನ್ ನಾಲ್ಕನೇ ಮೆಹಮದನ ತಾಯಿ ತುರ್ಹಾನ್ ಸುಲ್ತಾನ್ ಪೂರ್ಣಗೊಳಿಸಿದರು. ಅದರ ಜೊತೆಗೆ ಮಕ್ಕಳ ಶಾಲೆ, ಕುಡಿಯುವ ನೀರಿನ ಕಾರಂಜಿ ಮಾಡಿಸಿದರು. ಇವೆಲ್ಲದರ ಖರ್ಚಿಗಾಗಿ 1664ರ ಹೊತ್ತಿಗೆ ಈ ಸಾಂಬಾರ ಪೇಟೆಯನ್ನು ಕಟ್ಟಿಸಿದರು. ಒಬ್ಬ ಮಹಿಳೆ ಮಾಡಿದ ಈ ಲೆಕ್ಕಾಚಾರವನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ಶಾಲೆ ಕಟ್ಟಿ ಬಿಟ್ಟರೆ ಸಾಲದು, ಅದು ನಾಳೆಯೂ ನಡೆಯಲು ಆದಾಯದ ದಾರಿ ಬೇಕೆಂದು ಅವರು ಬಲ್ಲವರಾಗಿದ್ದರು.

ಈ ಪೇಟೆಗೂ ನಮ್ಮ ಕರಾವಳಿಗೂ ನಂಟಿದೆ. ಮಲಬಾರ್, ಕೆನರಾ ತೀರದ ಕಾಳುಮೆಣಸು ಅರಬ್ಬಿ ಸಮುದ್ರ ದಾಟಿ, ಕೆಂಪು ಸಮುದ್ರದ ಮೂಲಕ ಕೈರೋ ತಲುಪಿ, ಅಲ್ಲಿಂದ ಒಟ್ಟೋಮನ್ ಪೇಟೆಗಳಿಗೆ ಹೋಗುತ್ತಿತ್ತು. ಸಾಂಬಾರ, ಗಿಡಮೂಲಿಕೆ ಮಾರುವವನನ್ನು ಅಲ್ಲಿ 'ಅಕ್ತಾರ್' ಎನ್ನುತ್ತಾರೆ. ಇದು ಅರಬ್ಬಿಯ 'ಅತ್ತಾರ್'. ಉತ್ತರ ಕರ್ನಾಟಕದಲ್ಲಿ ಅತ್ತಾರ ಮನೆತನದವರು ಎಷ್ಟೋ ಊರುಗಳಲ್ಲಿದ್ದಾರೆ. ಮೂಟೆ ಹೊರುವವನು ಅಲ್ಲಿಯೂ ಹಮಾಲ, ತಕ್ಕಡಿ ಅಲ್ಲಿ ತೆರಾಜಿ, ಅಂಗಡಿ ದುಕ್ಕಾನ್.

ಚಿರಾಕ್, ಕಲ್ಫಾ, ಉಸ್ತಾ

ಪ್ರತಿಯೊಂದು ಕಸುಬಿಗೂ ಒಂದೊಂದು ಸಂಘ ಇತ್ತು. ಹುಡುಗ ಮೊದಲು 'ಚಿರಾಕ್' ಆಗಿ ಸೇರಿ, ಅಂಗಡಿ ಗುಡಿಸಿ, ಕೆಲಸ ನೋಡಿ ಕಲಿಯಬೇಕು. ವರ್ಷಗಳ ನಂತರ 'ಕಲ್ಫಾ' ಆಗುತ್ತಾನೆ. ಇದು 'ಖಲೀಫ' ಎಂಬುದರ ಆಡುರೂಪ. ಕೊನೆಗೆ 'ಉಸ್ತಾ', ಅಂದರೆ ನಮ್ಮ ಉಸ್ತಾದ್. ಹಿರಿಯರ ಸಮ್ಮುಖದಲ್ಲಿ ಸೊಂಟಕ್ಕೆ ಬಟ್ಟೆ ಕಟ್ಟಿ ಅವನನ್ನು ಉಸ್ತಾದನೆಂದು ಒಪ್ಪಿಕೊಳ್ಳುತ್ತಿದ್ದರು. ಮುಸ್ಲಿಮರು, ಗ್ರೀಕರು, ಅರ್ಮೇನಿಯನ್ನರು, ಯಹೂದಿಯರು ಎಲ್ಲರೂ ಈ ಪೇಟೆಯಲ್ಲಿ ದುಡಿದವರು.

ಬೆಲೆಯೂ ಮನಬಂದಂತೆ ಇರಲಿಲ್ಲ. ಖಾಜಿಯು ಸಂಘಗಳ ಮುಖಂಡರನ್ನು ಕೂರಿಸಿಕೊಂಡು ಅಗತ್ಯ ವಸ್ತುಗಳಿಗೆ 'ನರ್ಖ್' ಅಂದರೆ ನಿಗದಿತ ದರ ಗೊತ್ತುಮಾಡುತ್ತಿದ್ದ. 1640ರ ಅಂಥ ಒಂದು ದರಪಟ್ಟಿ ಇತಿಹಾಸಕಾರರಿಗೆ ಇಂದಿಗೂ ದೊಡ್ಡ ಆಧಾರ. ತೂಕ, ಅಳತೆ ಪರೀಕ್ಷಿಸಲು ಮುಹ್ತಸಿಬ್ ಎಂಬ ಅಧಿಕಾರಿ ಪೇಟೆ ಸುತ್ತುತ್ತಿದ್ದ.

ಹಾಗೆಂದು ಆ ಕಾಲವೆಲ್ಲ ಚಿನ್ನದ ಕಾಲವೆಂದು ತಿಳಿಯಬೇಡಿ. ಸಂಘಗಳು ಹೊಸಬರಿಗೆ ಬಾಗಿಲು ಮುಚ್ಚುತ್ತಿದ್ದವು. 'ಗೆದಿಕ್' ಎಂಬ ಹಕ್ಕು ಇಲ್ಲದವನಿಗೆ ಅಂಗಡಿ ತೆರೆಯಲು ಅವಕಾಶವಿರಲಿಲ್ಲ. ಆ ಹಕ್ಕು ಬಹುಪಾಲು ತಂದೆಯಿಂದ ಮಗನಿಗೆ ಬರುತ್ತಿತ್ತು. ಬಜಾರಿನ ಹತ್ತಿರದಲ್ಲೇ ಗುಲಾಮರ ಸಂತೆಯೂ ಇತ್ತು. ಅದನ್ನು 1840ರ ದಶಕದಲ್ಲಿ ಸುಲ್ತಾನ್ ಅಬ್ದುಲ್ ಮಜೀದ್ ಮುಚ್ಚಿಸಿದ. ಇತಿಹಾಸ ಓದುವವರು ಹೆಮ್ಮೆಯ ಪುಟಗಳ ಜೊತೆಗೆ ಈ ಪುಟವನ್ನೂ ಓದಬೇಕು.

ಹಡಗಿನಲ್ಲಿ ಬಂದ ಬಟ್ಟೆ

ಪೇಟೆಗೆ ಬೆಂಕಿ, ಭೂಕಂಪದ ಪೆಟ್ಟು ಹಲವು ಬಾರಿ ಬಿದ್ದಿದೆ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಒಂದು ಕಾಗದದಿಂದ. 1838ರಲ್ಲಿ ಬಾಲ್ತಾಲಿಮಾನ್ ಎಂಬಲ್ಲಿ ಬ್ರಿಟನ್ನಿನೊಡನೆ ಆದ ವ್ಯಾಪಾರ ಒಪ್ಪಂದದ ಪ್ರಕಾರ ಹೊರಗಿನಿಂದ ಬರುವ ಮಾಲಿಗೆ ಶೇ. 5, ಒಳಗಿನಿಂದ ಹೋಗುವ ಮಾಲಿಗೆ ಶೇ. 12 ಸುಂಕವೆಂದಾಯಿತು. ಇಂಗ್ಲೆಂಡಿನ ಗಿರಣಿ ಬಟ್ಟೆ ಅಗ್ಗವಾಗಿ ಬಂದು ಬಿದ್ದಿತು. ಇದೇ ಗಿರಣಿಗಳು ನಮ್ಮ ದೇಶದ ನೇಕಾರರಿಗೂ ಏನು ಮಾಡಿದವೆಂದು ನೀವು ಪಾಠದಲ್ಲಿ ಓದಿದ್ದೀರಿ. ಅದಕ್ಕೂ ಮೊದಲೇ, 1826ರಲ್ಲಿ, ಸುಲ್ತಾನ್ ಎರಡನೇ ಮಹಮೂದ್ ವಕ್ಫ್‌ಗಳಿಗಾಗಿ ಸರಕಾರಿ ಇಲಾಖೆಯೊಂದನ್ನು ಮಾಡಿದ್ದ. ಕ್ರಮೇಣ ವಕ್ಫ್ ಆದಾಯದ ಒಂದು ಭಾಗ ಸರಕಾರದ ಬೇರೆ ಖರ್ಚುಗಳಿಗೂ ಹರಿಯತೊಡಗಿ, ಪೇಟೆಗೂ ಶಾಲೆಗೂ ಇದ್ದ ನೇರ ಸಂಬಂಧ ಸಡಿಲಾಯಿತು.

ಅದೇ ಶತಮಾನದಲ್ಲಿ ಕೊಲ್ಲಿಯ ಆಚೆ ಬದಿಯ ಪೇರಾ ಬಡಾವಣೆಯಲ್ಲಿ ಗಾಜಿನ ಕಿಟಕಿಯ, ಯುರೋಪಿನ ಮಾದರಿಯ ಅಂಗಡಿಗಳು ಬಂದವು. 1875ರಲ್ಲಿ ಅಲ್ಲಿನ ಗುಡ್ಡಕ್ಕೆ ಸುರಂಗ ರೈಲು ಆಯಿತು. 1876ರಲ್ಲಿ 'ಸಿತೆ ದ ಪೇರಾ' ಎಂಬ ಮಳಿಗೆಗಳ ಸಾಲು ಎದ್ದಿತು. ಹಳೆಯ ಬಜಾರಿನಲ್ಲಿ ವ್ಯಾಪಾರಿ ಕಪಾಟಿನ ಮುಂದೆ ಕಟ್ಟೆಯ ಮೇಲೆ ಕುಳಿತು, ಗಿರಾಕಿಯನ್ನೂ ಕೂರಿಸಿ ಮಾತಾಡುತ್ತಿದ್ದ. ಹೊಸ ಅಂಗಡಿಯಲ್ಲಿ ವಸ್ತು ಕಿಟಕಿಯಲ್ಲಿ ನಿಂತು ತಾನೇ ಕರೆಯುತ್ತಿತ್ತು. 1894ರ ಭೂಕಂಪದ ನಂತರ ರಿಪೇರಿಯಾದಾಗ ಬಜಾರಿನಲ್ಲೂ ಅಂಗಡಿಗಳ ರೂಪ ಬದಲಾಗತೊಡಗಿತು.

ಮಾಲ್ ಬಂದ ಬಗೆ

ಗಣರಾಜ್ಯದ ಕಾಲದಲ್ಲಿ, 1954ರಲ್ಲಿ, ಸ್ವಿಟ್ಜರ್ಲೆಂಡಿನ ಮಿಗ್ರೋಸ್ ಸಂಸ್ಥೆ ಇಸ್ತಾಂಬುಲಿಗೆ ಬಂತು. ಅದು ಮೊದಲು ಮಾರಿದ್ದು ಕಟ್ಟಡದಲ್ಲಿ ಅಲ್ಲ, ಗಲ್ಲಿ ಗಲ್ಲಿ ಸುತ್ತುವ ವಾಹನಗಳಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಕಪಾಲೀ ಚಾರ್ಶಿಗೆ ಭಾರಿ ಬೆಂಕಿ ಬಿದ್ದು, ದುರಸ್ತಿಗೆ ಸುಮಾರು ಐದು ವರ್ಷ ಹಿಡಿಯಿತು.

1980ರ ಜನವರಿ 24ರ ಆರ್ಥಿಕ ನಿರ್ಧಾರಗಳು ಆಮದಿಗೆ ದಾರಿ ತೆರೆದವು. ಇದರ ಹಿಂದಿದ್ದ ತುರ್ಗುತ್ ಓಜಾಲ್ ಮುಂದೆ ಪ್ರಧಾನಿಯಾದರು. ಅವರ ಕಾಲದಲ್ಲೇ, 1988ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನ ಮಾಲ್‌ನಿಂದ ಸ್ಫೂರ್ತಿ ಪಡೆದ ಗ್ಯಾಲರಿಯಾ ಆತಾಕೋಯ್ ಆರಂಭವಾಯಿತು. ಇದನ್ನು ಟರ್ಕಿಯ ಮೊದಲ ಆಧುನಿಕ ಮಾಲ್ ಎನ್ನುತ್ತಾರೆ. 1993ರಲ್ಲಿ ಅಕ್‌ಮೆರ್ಕೆಜ್, 2005ರಲ್ಲಿ ಜೆವಾಹಿರ್ ಬಂದವು. ಜೆವಾಹಿರ್ ಎಂಬುದು ಅದನ್ನು ಕಟ್ಟಿಸಿದವರ ಮನೆತನದ ಹೆಸರು. ಆದರೂ ಹಳೆಯ ಬೆದೆಸ್ತೆನಿನ ಹೆಸರೇ ಹೊಸ ಮಾಲ್‌ನ ಹಣೆಯ ಮೇಲೂ ಕಾಣುತ್ತದೆ.

ಮಾಲ್‌ನಿಂದ ಅನುಕೂಲವಿಲ್ಲವೆನ್ನಲಾಗದು. ದರ ಬರೆದಿರುತ್ತದೆ, ಚೌಕಾಸಿ ಬಾರದವನೂ ಮೋಸ ಹೋಗುವುದಿಲ್ಲ, ಮಳೆ ಚಳಿಗೆ ಆಸರೆಯಿದೆ, ಹೆಣ್ಣುಮಕ್ಕಳೂ ಅಲ್ಲಿ ಉದ್ಯೋಗದಲ್ಲಿದ್ದಾರೆ. ಆದರೆ ಊರಿನ ಎಲ್ಲ ಬಯಲೂ ಅಂಗಡಿಯಾಗಬೇಕೇ ಎಂಬ ಪ್ರಶ್ನೆಯನ್ನು ಅಲ್ಲಿನ ಜನರೇ ಎತ್ತಿದ್ದಾರೆ. 2013ರಲ್ಲಿ ತಕ್ಸಿಮ್ ಬಳಿಯ ಗೆಜಿ ಉದ್ಯಾನದಲ್ಲಿ ಹಳೆಯ ಸೇನಾ ಬ್ಯಾರಕ್ಕಿನ ರೂಪದ ಕಟ್ಟಡ ಕಟ್ಟುವ ಯೋಜನೆ ಬಂತು. ಅದರಲ್ಲಿ ಮಾಲ್ ಬರುತ್ತದೆಂಬ ಮಾತೂ ಹಬ್ಬಿ, ಮರ ಉಳಿಸಲು ಕುಳಿತವರ ಪ್ರತಿಭಟನೆ ದೇಶಕ್ಕೆಲ್ಲ ಹರಡಿತು; ಜೀವಹಾನಿಯೂ ಆಯಿತು. ಉದ್ಯಾನ ಉಳಿಯಿತು.

ನಾವು ಏನು ಕಲಿಯಬೇಕು?

ಹಳೆಯ ಬಜಾರ್ ಮಾಲ್‌ನ ಎದುರು ಸಾಯಲಿಲ್ಲ, ತನ್ನ ವೇಷ ಬದಲಿಸಿತು. ಕಲ್ಪಾಕ್ಚಿಲರ್ ಎಂದರೆ ತುಪ್ಪಳದ ಟೋಪಿ ಮಾಡುವವರ ಬೀದಿ. ಅಲ್ಲಿ ಈಗ ಚಿನ್ನದ ಅಂಗಡಿಗಳಿವೆ. ಫೆಸ್ಚಿಲರ್ ಎಂಬ ಬೀದಿಯವರು ತುರ್ಕಿ ಟೋಪಿ ಮಾಡುತ್ತಿದ್ದರು. 1925ರ ಟೋಪಿ ಕಾನೂನು ಅವರ ಕಸುಬನ್ನೇ ಮುಗಿಸಿತು. ಹೆಸರು ಉಳಿದಿದೆ, ಕೈಗಳು ಬದಲಾಗಿವೆ. ಪ್ರವಾಸಿಗಳಿಂದ ಬಜಾರ್ ಗಿಜಿಗುಟ್ಟುತ್ತದೆ. ದಿನನಿತ್ಯದ ತರಕಾರಿಗಾಗಿ ಜನ ಇಂದಿಗೂ ಬಡಾವಣೆಯ ವಾರದ ಸಂತೆಗೆ ಹೋಗುತ್ತಾರೆ. ಅವುಗಳಲ್ಲಿ ಹಲವಕ್ಕೆ ನಮ್ಮಲ್ಲಿಯಂತೆ ವಾರದ ಹೆಸರೇ ಇದೆ.

ಹಾಗಾದರೆ ಕಳೆದುಹೋದದ್ದು ಏನು? ಗುಮ್ಮಟವೂ ಅಲ್ಲ, ಸರಕೂ ಅಲ್ಲ. ವ್ಯಾಪಾರದ ಆದಾಯದಲ್ಲಿ ವಿದ್ಯೆಗೂ ನೀರಿಗೂ ಒಂದು ಪಾಲನ್ನು ಮೊದಲೇ ಬರೆದಿಡುತ್ತಿದ್ದ ಪದ್ಧತಿ ಕ್ಷೀಣಿಸಿತು. ದುಡಿಯುವ ಹುಡುಗನಿಗೆ ಸಂಬಳದ ಜೊತೆ ಕಸುಬನ್ನೂ ಕೊಡುತ್ತಿದ್ದ ಉಸ್ತಾದ ಅಪರೂಪವಾದ. ಮಾಲ್‌ನ ಬಾಡಿಗೆ ಹೂಡಿಕೆದಾರನಿಗೆ ಹೋಗುತ್ತದೆ. ಅದು ತಪ್ಪಲ್ಲ, ಆದರೆ ಅದರಿಂದ ತಾನಾಗಿಯೇ ಒಂದು ಶಾಲೆ ನಡೆಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಒಂದು ಸಣ್ಣ ಕೆಲಸ ಹೇಳುತ್ತೇನೆ. ಮುಂದಿನ ಬಾರಿ ನಿಮ್ಮ ಊರಿನ ಹಳೆಯ ಪೇಟೆಗೆ ಹೋದಾಗ ಬೀದಿಗಳ ಹೆಸರು ಬರೆದುಕೊಳ್ಳಿ. ಆ ಹೆಸರಿನ ಕಸುಬು ಅಲ್ಲಿ ಈಗಲೂ ಇದೆಯೇ ಎಂದು ಹಿರಿಯ ಅಂಗಡಿಯವರನ್ನು ಕೇಳಿ. ಯಾವ ಮಳಿಗೆಯ ಬಾಡಿಗೆ ಯಾವ ಶಾಲೆಗೆ, ಯಾವ ಛತ್ರಕ್ಕೆ ಸಲ್ಲುತ್ತಿತ್ತೆಂದೂ ವಿಚಾರಿಸಿ. ನಾಳೆ ನಿಮ್ಮಲ್ಲಿ ಕೆಲವರು ಅಂಗಡಿ ಇಡುವಿರಿ, ಕೆಲವರು ಶಾಲೆ ನಡೆಸುವಿರಿ. ತುರ್ಹಾನ್ ಸುಲ್ತಾನ್ ಇವೆರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದರು ಎಂಬುದು ಆಗ ನಿಮಗೆ ನೆನಪಿರಲಿ.